ಸಂತ ಲೂಕನ ದಿನದ ಅತಿಥಿ

ಕೋಟೆಯ ದಿಡ್ಡಿಬಾಗಿಲಲ್ಲಿ ತುರ್ಕರ ದಳಪತಿ ದಾವೂದ್ ಬೇ ಒಬ್ಬನೇ ನಿಂತಿದ್ದ. "ಒಳಗೆ ಬಿಡಿ" ಎಂದ ಕೋಟೆಯ ಒಡೆಯ ಪ್ರಿಬಿಸಾವ್.

"ಹಾವನ್ನ ಮನೆಯೊಳಗೆ ಕರೀತೀರಾ?" ಅಡುಗೆಯ ಮುದುಕಿ ದೊಬ್ರಾ ಗದರಿದಳು.

"ಮನೆದೇವರ ದಿನ ಬಂದವರನ್ನ ಬಾಗಿಲಲ್ಲೇ ನಿಲ್ಲಿಸ್ತಾರೇನೇ?"

ಮನೆದೇವರಾದ ಸಂತ ಲೂಕನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿದ್ದವರು ಬರುತ್ತಾರೆ. ಒಂದು ಕಾಲಕ್ಕೆ ಅಂಗಳದಲ್ಲಿ ಕುದುರೆ ಕಟ್ಟಲು ಜಾಗ ಸಾಲುತ್ತಿರಲಿಲ್ಲ. ಈ ಸಲ ನರಪಿಳ್ಳೆಯೂ ಬಂದಿರಲಿಲ್ಲ. ಪ್ರಿಬಿಸಾವ್ ಮಾತ್ರ ಬೆಳಗಿನಿಂದ ದ್ರಾಕ್ಷಾರಸದ ಹೂಜಿ ಹಿಡಿದು, ಖಾಲಿ ಬೆಂಚುಗಳ ಮುಂದೆ ನಿಂತೇ ಇದ್ದ.

"ಬರೋರೇ ಇಲ್ಲ, ಕೂತ್ಕೊಳ್ಳಿ ಒಡೆಯಾ. ಮೊಣಕಾಲೇನು ಕಬ್ಬಿಣದ್ದಾ?" ಎಂದು ದೊಬ್ರಾ ಆಗಲೇ ಬೈದಿದ್ದಳು.

"ಇವತ್ತು ಯಜಮಾನ ನಿಂತೇ ಬಡಿಸಬೇಕು. ಅವನು ಕೂತರೆ ಮನೆಯೇ ಕೂತ ಹಾಗೆ."

ತುರ್ಕರು ಅವನ ಸೀಮೆಯನ್ನು ತುಂಡುತುಂಡಾಗಿ ನುಂಗಿದ್ದರು. ಮೊದಲು ಹುಲ್ಲುಗಾವಲು ಹೋಯಿತು, ಆಮೇಲೆ ಹೊಳೆಯ ಸೇತುವೆ. ಸಂಧಿಯ ಒತ್ತೆಗೆಂದು ಎಳೆಯ ಮಗ ಒಬ್ರಾದ್‌ನನ್ನೂ ಕೊಟ್ಟಾಯಿತು. ಅವನ ಕ್ಷೇಮ ಕೇಳಲು ಹೋದ ದೂತನಿಗೆ ಸುಲ್ತಾನನ ಅರಮನೆಯಲ್ಲಿ ಒಂದೇ ಮಾತು ಹೇಳಿದ್ದರು: ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಅಂದಿನಿಂದ ಇಷ್ಟೂ ವರ್ಷ ಹಬ್ಬದಲ್ಲಿ ತೀರಿಹೋದವರಿಗೆಂದು ಬೇಯಿಸುವ ಗೋಧಿಗೆ ಮಗನ ಹೆಸರಿನಲ್ಲೂ ಒಂದು ಹಿಡಿ ಬೀಳುತ್ತಿತ್ತು. ಹೆಂಡತಿ ಆ ಕೊರಗಿನಲ್ಲೇ ಹೋದಳು. ಮುದುಕನಿಗೆ ಜೊತೆಯಲ್ಲಿ ಅಳುವವರೂ ಇಲ್ಲವಾದರು. ಇನ್ನು ಉಳಿದದ್ದು ಈ ಕೋಟೆಯೊಂದೇ.

ದಾವೂದ್ ಬೇ ಒಳಗೆ ಬಂದ.

"ಕೆಳಗೆ ನನ್ನ ದಂಡಿದೆ. ಬೀಗದಕೈ ಕೊಟ್ಬಿಡಿ. ಯಾರ ಕೂದಲೂ ಕೊಂಕಲ್ಲ."

ಬೇಯ ಮಾತು ಈ ಸೀಮೆಯದೇ. ಸುಲ್ತಾನನ ಚಾಕರಿಯಲ್ಲಿ ಅಂಥವರು ಬೇಕಾದಷ್ಟು ಮಂದಿ.

"ಮೊದಲು ಕೂತ್ಕೊಳ್ಳಿ. ಊಟ ಆಗಲಿ."

ಬೇ ಕೂರಲಿಲ್ಲ.

"ನಮ್ಮ ಬೆಂಚು ನಿಮಗೆ ಮೈಲಿಗೆಯೋ?"

"ಅಲ್ಲ."

"ಹಾಗಾದರೆ ವಿಷ ಹಾಕಿದ್ದೀವಿ ಅಂತಲೋ?"

ಬೇ ಆ ಬೇಯಿಸಿದ ಗೋಧಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡ. ನಿಧಾನವಾಗಿ ಅಗಿದು ನುಂಗಿದ. ಆದರೂ ಕೂರಲಿಲ್ಲ.

ಪ್ರಿಬಿಸಾವ್‌ಗೆ ಅರ್ಥವಾಯಿತು. ಉಣ್ಣಲು ಬಂದವನು ಕೂರುತ್ತಾನೆ, ಕೊಲ್ಲಲು ಬಂದವನು ನಿಂತೇ ಇರುತ್ತಾನೆ. ಹೆದರಿಕೆಗಿಂತ ಹೆಚ್ಚಾಗಿ ಬೇಸರವಾಯಿತು. ವರ್ಷವಿಡೀ ಕಾದದ್ದಕ್ಕೆ ಬಂದವನು ಇವನೊಬ್ಬನೇ.

ಬೇಯ ಕೈ ಮೇಲೆದ್ದಿತು. ದೊಬ್ರಾ ಸೌಟು ಎತ್ತಿಕೊಂಡು ಓಡಿಬಂದಳು. ಆದರೆ ಆ ಕೈ ಸೊಂಟದ ಕತ್ತಿಯನ್ನು ಮುಟ್ಟಲಿಲ್ಲ. ಮುದುಕನ ಕೈಯಲ್ಲಿದ್ದ ಹೂಜಿಯನ್ನು ಮೆಲ್ಲಗೆ ಬಿಡಿಸಿಕೊಂಡಿತು.

"ನೀವು ಕೂತ್ಕೊಳ್ಳಿ, ಅಪ್ಪಾ. ಇವತ್ತಿಂದ ಈ ಮನೆ ಯಜಮಾನ ನಾನು."