ಕುಂಕುಮ ಇಟ್ಟ ಜಾಗ

ಮಗಳು ಉಗುರುಬಣ್ಣ ಒರೆಸಲು ಅಸಿಟೋನ್ ಬಾಟಲಿ ತೆರೆದಾಗಲೆಲ್ಲ ಅಮೆರಿಕದ ಮೆಟುಚೆನ್‌ನ ನಮ್ಮ ಗರಾಜು ನೆನಪಾಗುತ್ತದೆ.

ಅಪ್ಪ ಗುರಿ ಅಭ್ಯಾಸಕ್ಕೆಂದು ತಾವೇ ಜೋಡಿಸುತ್ತಿದ್ದ ರೈಫಲ್‌ನ ಟ್ರಿಗರ್ ಗಾರ್ಡ್ ಅನ್ನು, ಅಂದರೆ ಟ್ರಿಗರ್ ಸುತ್ತಲಿನ ಉಕ್ಕಿನ ಬಳೆಯನ್ನು, ಅಸಿಟೋನ್‌ನಲ್ಲಿ ತೊಳೆದು, ಬಣ್ಣ ಹೊಡೆಯಲು ತಂತಿಗೆ ನೇತುಹಾಕಿದ್ದರು. "ಮುಟ್ಬೇಡ ಪುಟ್ಟಿ, ಬೆರಳಿನ ಜಿಡ್ಡು ತಾಗಿದ್ರೂ ಬಣ್ಣ ನಿಲ್ಲಲ್ಲ," ಎಂದು ಹೇಳಿ ಮಾಸ್ಕ್ ತರಲು ಒಳಗೆ ಹೋದರು.

ಅಂದು ಆಯುಧಪೂಜೆ. ಮೈಸೂರಿನಿಂದ ಬಂದಿದ್ದ ಅಜ್ಜಿ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಿಡಿದು ಬಂದರು. ಕಾರಿಗೆ, ಲಾನ್‌ಮೋವರಿಗೆ ಇಟ್ಟರು. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಹೊಳೆಯುವ ಉಕ್ಕಿಗೂ ಒತ್ತಿಬಿಟ್ಟರು.

"ಮನೇಲಿರೋ ನಿಜವಾದ ಆಯುಧ ಇದೊಂದೇ ಅಲ್ವೇನೋ," ಎಂದರು, ಬಾಗಿಲಿಗೆ ಬಂದು ನಿಂತಿದ್ದ ಅಪ್ಪನಿಗೆ.

"ಹೌದಮ್ಮ," ಎಂದು ಅಪ್ಪ ಕೈಮುಗಿದರು.

ಅಜ್ಜಿ ಒಳಹೋದ ಮೇಲೆ ನಾನು, "ಅಪ್ಪ, ಜಸ್ಟ್ ವೈಪ್ ಇಟ್," ಎಂದೆ.

"ಹಬ್ಬದ ದಿನ ಇಟ್ಟಿದ್ದಾರೆ ಪುಟ್ಟಿ, ಇರಲಿ."

ಕುಂಕುಮದ ಮೇಲೆ ಟೇಪಿನ ಚೂರು ಮುಚ್ಚಿ, ಸುತ್ತ ಬಣ್ಣ ಹೊಡೆದು, ಬಣ್ಣ ಗಟ್ಟಿಯಾಗಲೆಂದು ಹಳೆಯ ಟೋಸ್ಟರ್ ಓವನ್‌ನಲ್ಲಿ ಕಾಯಿಸಿದರು.

ಬಣ್ಣ ಕಾಣದ ಆ ಜಾಗಕ್ಕೆ ತುಕ್ಕು ಹಿಡಿಯದಂತೆ ಅಪ್ಪ ಪ್ರತಿ ಆಯುಧಪೂಜೆಗೂ ಉಂಗುರಬೆರಳಿನಲ್ಲಿ ಎಣ್ಣೆ ಸವರುತ್ತಿದ್ದರು. ಈಗ ನಾನು ಸವರುತ್ತೇನೆ.