ಅತ್ತೆ ಬಿಚ್ಚಿದ ಹೊಲಿಗೆ

ಅತ್ತೆ ಮತ್ತೆ ಹೊಲಿಗೆ ಬಿಚ್ಚುತ್ತಿದ್ದರು. ಸೊಸೆ ಪರದೆಯ ಸಂದಿಯಿಂದ ನೋಡಿದಳು. ಬೆಳಗ್ಗೆ ತಾನು ಹೊಲಿದಿಟ್ಟ ಅಂಗಿ ಅವರ ಮಡಿಲಲ್ಲಿ ತುಂಡು ತುಂಡಾಗಿ ಬಿದ್ದಿತ್ತು. ಜಗಳ ತೆಗೆಯಲೂ ಮನಸ್ಸಾಗದೆ ಹಿಂದೆ ಸರಿದಳು.

ಲಕ್ಷಣಗಳು ಒಂದೇ ಎರಡೇ? ಓಣಿಯ ಸುದ್ದಿಯನ್ನೆಲ್ಲ ಅರೆದು ಕುಡಿದಿದ್ದ ಹೆಂಗಸು ಈಗ ಹೊಸ್ತಿಲು ದಾಟುತ್ತಿರಲಿಲ್ಲ. ಹೋದ ವಾರ ಡಾಕ್ಟರಮ್ಮನಿಗೆ ಸೊಸೆ ಹೊಲಿದ ಹೊಸ ಕೋಟು ಕೊಟ್ಟುಬಂದದ್ದೇ ಕೊನೆ. ದಿನವಿಡೀ ಸೊಸೆಯ ಹೊಲಿಗೆಯಂಗಡಿಯ ಮೂಲೆಯ ಸ್ಟೂಲಿಗೆ ಅಂಟಿಕೊಂಡು ಅವಳನ್ನೇ ನೋಡುತ್ತಿದ್ದರು. ಊಟಕ್ಕೆ ಕೂತರೆ, ನೀನು ತಿನ್ನು, ಆಮೇಲೆ ತಿಂತೀನಿ ಎನ್ನುವರು. ಎರಡೂ ತಟ್ಟೆಯ ಊಟ ಆರಿ ತಣ್ಣಗಾಗುತ್ತಿತ್ತು. ನಿದ್ದೆಯೂ ಇಲ್ಲ. ಸೊಸೆ ಎದ್ದು ಕೂತಾಗಲೆಲ್ಲ ಪಕ್ಕದ ಕೋಣೆಯಿಂದ ಕೆಮ್ಮು ಕೇಳುತ್ತಿತ್ತು.

ರೇಡಿಯೋದಲ್ಲಿ ಹೇಳಿದ್ದರು: ಊಟ, ನಿದ್ದೆ, ಜನರ ಒಡನಾಟ ವಾರಗಟ್ಟಲೆ ಬೇಡವಾದರೆ ಅದು ಖಿನ್ನತೆಯಿರಬಹುದು, ಕಾಯದೆ ಡಾಕ್ಟರ ಬಳಿ ಹೋಗಿ ಎಂದು. ಆ ಮಾತು ಎತ್ತಿದರೆ ಅತ್ತೆ ಮನೆ ತಲೆಕೆಳಗು ಮಾಡುವವರೇ. ಅದಕ್ಕೇ ಸೊಸೆ ಸುಳ್ಳು ಹೆಣೆದಳು. ತನಗೇ ತಲೆನೋವು, ಡಾಕ್ಟರಮ್ಮನ ಹತ್ತಿರ ಜೊತೆಗೆ ಬನ್ನಿ ಎಂದಳು. ಮಾತು ಮುಗಿಯುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಪಾಪ, ಎಷ್ಟು ಸುಲಭವಾಗಿ ಮೋಸಹೋದರು ಅನಿಸಿತು.

ಡಾಕ್ಟರಮ್ಮ ಮನೋವೈದ್ಯೆ, ಸೊಸೆಯ ಹಳೆಯ ಗಿರಾಕಿ. ಅತ್ತೆಯನ್ನು ಹೊರಗೆ ಕೂರಿಸಿ, ಒಳಗೆ ಬಂದು ಸೊಸೆ ಎಲ್ಲವನ್ನೂ ಪಿಸುಗುಟ್ಟಿದಳು.

"ಹೊಲಿಗೆ ಯಾಕೆ ಬಿಚ್ತಾರೆ ಅಂತ ಕೇಳಿದ್ರಾ?"

"ಇಲ್ಲ. ಕೇಳೋಕೂ ಸುಸ್ತು."

"ನಿಮಗೆ ಹಸಿವು ಹೇಗಿದೆ?"

"ನನ್ನ ಮಾತು ಬಿಡಿ ಡಾಕ್ಟ್ರೇ. ಏನು ತಿಂದ್ರೂ ಮಣ್ಣು ತಿಂದ ಹಾಗೆ. ಮೊದಲು ಅವರನ್ನ ನೋಡಿ."

ಡಾಕ್ಟರಮ್ಮ ಅತ್ತೆಯನ್ನು ಒಳಗೆ ಕರೆದರು. ಅತ್ತೆ ಕುರ್ಚಿಯತ್ತ ನೋಡಲೂ ಇಲ್ಲ. ಸೊಸೆಯ ಹಿಂದೆ ನಿಂತು ಅವಳ ಹೆಗಲ ಮೇಲೆ ಕೈಯಿಟ್ಟರು.

"ಹೋದ ವಾರ ನೀವೇ ಹೇಳಿದ್ರಲ್ಲ ಡಾಕ್ಟ್ರೇ, ಹೇಗಾದ್ರೂ ಮಾಡಿ ಇವಳನ್ನ ಕರ್ಕೊಂಡು ಬನ್ನಿ ಅಂತ. ಏನು ನೆಪ ಹೇಳ್ಲಿ ಅಂತ ಒದ್ದಾಡ್ತಿದ್ದೆ. ನೆಪಾನೂ ಇವಳೇ ಹುಡುಕಿಕೊಟ್ಲು."

ಸೊಸೆ ತಿರುಗಿ ನೋಡುವಷ್ಟರಲ್ಲಿ ಡಾಕ್ಟರಮ್ಮ ಗೋಡೆಯ ಮೊಳೆಯಿಂದ ಹೊಸ ಕೋಟು ತೆಗೆದು ತೊಟ್ಟು ನಿಂತರು. ಬಲಗೈಯ ತೋಳು ಹಿಂದುಮುಂದಾಗಿ ಸೊಟ್ಟಗಿತ್ತು. ಎರಡೂ ಎಡಗೈಯ ತೋಳುಗಳೇ.

"ಇದೊಂದು ನನ್ನ ಕಣ್ಣು ತಪ್ಪಿಸಿತು ಕಣಮ್ಮ," ಎಂದರು ಅತ್ತೆ. "ಮಿಕ್ಕಿದ್ದನ್ನೆಲ್ಲ ಬಿಚ್ಚಿ ಸರಿಯಾಗಿ ಹೊಲಿದಿಟ್ಟಿದ್ದೀನಿ."