ಮಹಡಿ ಮನೆಯ ಟವರ್

“ಆ ಪೆಟ್ಟಿಗೆ ತೆಗೀತೀರೋ, ಮನೆ ಖಾಲಿ ಮಾಡ್ತೀರೋ?”

ಸಂಜೆ ಮಹಡಿ ಮನೆಯ ಬಾಗಿಲಲ್ಲಿ ನಿಂತು ಓನರ್ ಭೀಮರಾಜ್ ಗುಡುಗಿದರು. ಒಳಗೆ ಕಪಾಟಿನ ಮೇಲೊಂದು ಬಿಳಿ ಪೆಟ್ಟಿಗೆ. ಗೋಡೆಗೆ ಮುಖ ಮಾಡಿ ಕೂತಿತ್ತು, ಮೂಲೆಯಲ್ಲಿ ಹಸಿರು ಚುಕ್ಕೆ ಮಿನುಗುತ್ತಿತ್ತು. ಮೊಬೈಲ್ ಸಿಗ್ನಲ್ ಸಿಗದವರು ಈಗ ಮನೆಯೊಳಗೇ ಸಣ್ಣ ಟವರ್ ಇಟ್ಟುಕೊಳ್ಳುತ್ತಾರೆಂದು ಭೀಮರಾಜ್ ಪೇಪರಿನಲ್ಲಿ ಓದಿದ್ದರು. ಹತ್ತಿರ ಹೋಗಿ ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಬಾಡಿಗೆಗಿದ್ದ ಜಹೀರ್ ಬಾಯಿ ತೆರೆದ. “ಅಂಕಲ್, ಅದು...”

“ನಂಗೆ ಪಾಠ ಮಾಡ್ಬೇಡಿ. ಅದು ಬಂದು ಎಂಟು ದಿನ. ನನ್ನ ತಲೆನೋವಿಗೂ ಎಂಟೇ ದಿನ!”

“ಸೋಮವಾರದಿಂದ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂಕಲ್. ಅದಿಲ್ದಿದ್ರೆ ಜೋಯಾಗೆ ಓದೋಕಾಗಲ್ಲ.”

“ಫೋನ್ ನೋಡ್ಕೊಂಡು ಓದೋದು! ಥೂ. ಭಾನುವಾರ ಬೀಗದ ಕೈ ಕೊಟ್ಟು ಹೊರಡಿ.”

ಅಲ್ಲಾಳಸಂದ್ರದ ಆ ಬೀದಿಯಲ್ಲಿ ಅವರ ಹೆಸರೇ ಟವರ್ ಭೀಮರಾಜ್. ಎದುರು ಮನೆ ತಾರಸಿಯ ಮೇಲಿದ್ದ ಟವರನ್ನು ಅರ್ಜಿ ಬರೆದು, ಧರಣಿ ಕೂತು ಕೀಳಿಸಿದ ಶೂರರು. ಅಂದಿನಿಂದ ಬೀದಿಯವರೆಲ್ಲ ಗೇಟಿನಾಚೆ ನಿಂತು ‘ಹಲೋ, ಹಲೋ’ ಎಂದು ಅರಚುವುದಾಗಿತ್ತು. ದಡ್ಡ ಜನ, ಅರಚಲಿ ಎಂದು ಭೀಮರಾಜ್ ನಗುತ್ತಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಯಾರು ಬುದ್ಧಿ ಹೇಳುತ್ತಾರೆ?

ಕೆಳಗಿಳಿದು ದೇವರ ಮನೆಯಲ್ಲಿ ಕೂತರು. ತಲೆನೋವು ಇಳಿಯುತ್ತಿದ್ದುದು ಅಲ್ಲಿ ಮಾತ್ರ. ನರಸಿಂಹಸ್ವಾಮಿ ಪಟದ ಹಿಂದೆ ಸೊಸೆ ಸಂಯುಕ್ತಾ ತಂದಿಟ್ಟ ಹಸಿರು ಕರೆಂಟ್ ದೀಪ ಹಗಲಿರುಳು ಉರಿಯುತ್ತಿತ್ತು. ಮನೆಯಲ್ಲೇ ಕೂತು ದಿನವಿಡೀ ಫೋನಿನಲ್ಲಿ ಕೆಲಸ ಮಾಡುವ ಹುಡುಗಿ, ಆದರೂ ಭಕ್ತಿಗೇನೂ ಕಡಿಮೆಯಿಲ್ಲ. ಭೀಮರಾಜ್ ದೀಪಕ್ಕೆ ಕೈಮುಗಿದು, ಕೂತಲ್ಲಿಂದಲೇ ಬ್ರೋಕರ್ ಜಗನ್‌ಗೆ ಫೋನ್ ಮಾಡಿದರು.

“ಮಹಡಿ ಮನೆ ಖಾಲಿ ಆಗತ್ತೆ ಕಣೋ. ಒಳ್ಳೇ ಜನ ನೋಡು. ಮನೇಲಿ ಟವರ್ ಇಟ್ಕೊಳ್ಳೋ ಮುಠ್ಠಾಳರು ಬೇಡ.”

“ಒಂದು ಪಾರ್ಟಿ ಇದೆ ಸಾರ್, ನಾಳೇನೇ...”

ಕರೆಂಟ್ ಹೋಯಿತು. ಹಸಿರು ದೀಪ ಆರಿತು. ಜಗನ್ ದನಿಯೂ ನಿಂತಿತು.

“ಹಲೋ, ಹಲೋ!” ಅರಚುತ್ತ ಭೀಮರಾಜ್ ಅಂಗಳಕ್ಕೆ ಬಂದರು. ಬೀದಿಯೆಲ್ಲ ಕತ್ತಲು. ಮಹಡಿಯ ಕಿಟಕಿ ಮಾತ್ರ ಬೆಳ್ಳಗೆ ಬೆಳಗುತ್ತಿತ್ತು. ಗೋಡೆಗೆ ಮುಖ ಮಾಡಿದ್ದ ಪೆಟ್ಟಿಗೆಯನ್ನು ಯಾರೋ ಇತ್ತ ತಿರುಗಿಸಿದ್ದರು. ಅದೊಂದು ಎಮರ್ಜೆನ್ಸಿ ಲ್ಯಾಂಪು. ಅದರ ಬೆಳಕಿನಲ್ಲಿ ಜೋಯಾ ತಲೆ ಬಗ್ಗಿಸಿ ಓದುತ್ತಿದ್ದಳು.

ಹಿಂದೆ ಬಾಗಿಲಲ್ಲಿ ಸಂಯುಕ್ತಾ ನಿಂತಿದ್ದಳು.

“ಆ ಹುಡುಗೀನ ಓದೋಕೆ ಬಿಡಿ ಮಾವ. ಮಾತಾಡೋದಿದ್ರೆ ಗೇಟಿನಾಚೆ ಹೋಗಿ. ಕರೆಂಟ್ ಬರೋವರೆಗೂ ದೇವರ ಪಟದ ಹಿಂದಿರೋ ನಮ್ಮನೆ ಟವರ್ ಕೆಲಸ ಮಾಡಲ್ಲ.”